ಆ ಎರಡು ಗೋಲು ಬಿದ್ದಾಗ ಅತ್ತಿಗೆ ಎಲ್ಲಿದ್ದರು

ಆ ದಿನ ನಮ್ಮ ಅತ್ತಿಗೆ ಸುಳ್ಳು ಹೇಳಲಿಲ್ಲ. ಸುಳ್ಳು ಹೇಳಿದವನು ನಾನು.

ಎಪ್ಪತ್ತೈದರ ವಿಶ್ವಕಪ್ ಹಾಕಿ ಫೈನಲ್. ನಮ್ಮವರು ಪಾಕಿಸ್ತಾನದ ಮೇಲೆ ಎರಡು ಗೋಲು ಹೊಡೆದರಲ್ಲ, ಆ ಎರಡೂ ಬಿದ್ದಾಗ ಅತ್ತಿಗೆ ಚಾಮರಾಜಪೇಟೆಯ ನಮ್ಮ ಮನೆಯೊಳಗೆ, ಅಡುಗೆಮನೆ ಬಾಗಿಲ ಮರೆಯಲ್ಲಿ ನಿಂತಿದ್ದರು. ಹಿತ್ತಲಲ್ಲಿ ಇರಲಿಲ್ಲ. ಇದು ನನಗೊಬ್ಬನಿಗೇ ಗೊತ್ತಿತ್ತು — ನನಗೂ ಅವರಿಗೂ. ಗೊತ್ತಿದ್ದೂ ನಾನು ಇಲ್ಲ ಅಂದೆ. ಆ ಒಂದು 'ಇಲ್ಲ' ನಮ್ಮ ಮನೆಯಲ್ಲಿ ಹನ್ನೆರಡು ವರ್ಷ ಬಾಳಿತು, ಮನೆಯವರಲ್ಲಿ ಒಬ್ಬನ ಹಾಗೆ.

ಇದನ್ನು ಓದುವವರಲ್ಲಿ ನಮ್ಮ ಬೀದಿಯವರೂ ಇರಬಹುದು. ಅವತ್ತು ನಮ್ಮ ನಡುಮನೆಯಲ್ಲಿ ಕಾಲು ಮಡಚಿ ಕೂತು ರೇಡಿಯೋ ಕೇಳಿದವರೂ ಇರಬಹುದು. ಇರಲಿ ಅಂತಲೇ ಬರೆಯುತ್ತಿದ್ದೇನೆ.

ಆಗ ನನಗೆ ಹತ್ತೊಂಬತ್ತು ವರ್ಷ. ಕಾಲೇಜಿಗೆ ಹೋಗುತ್ತಿದ್ದೆ ಅನ್ನುವುದು ಹೆಸರಿಗೆ. ಹೋಗುತ್ತಿದ್ದದ್ದು ಹಾಕಿ ಆಡಲು. ನಮ್ಮ ಬೀದಿ ಹುಡುಗರದ್ದೇ ಒಂದು ಟೀಮಿತ್ತು, ಗೋಪಿ ಗೋಲ್‌ಕೀಪರ್, ನಾನು ಹಾಫ್‌ಬ್ಯಾಕ್. ಆಟದಲ್ಲಿ ನಾನೇನು ಅಷ್ಟಕ್ಕಷ್ಟೆ. ಬಾಯಲ್ಲಿ ಮಾತ್ರ ನನ್ನನ್ನು ಮೀರಿಸುವವರು ಇರಲಿಲ್ಲ. ರೇಡಿಯೋದಲ್ಲಿ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಕಾಮೆಂಟ್ರಿ ಬರುತ್ತಿದ್ದರೆ, ನಾನು ರೇಡಿಯೋ ಇಟ್ಟಿದ್ದ ಗೂಡಿನ ಕೆಳಗೆ ಗೋಡೆಗೆ ಒರಗಿ ಕೂತು ಅದನ್ನು ಹಾಗಿಂದಹಾಗೇ ಕನ್ನಡದಲ್ಲಿ ಹೇಳಬೇಕು, ಅಮ್ಮ ಮತ್ತು ಅಕ್ಕಪಕ್ಕದವರು ನನ್ನ ಬಾಯಿ ನೋಡುತ್ತಾ ಕೂರಬೇಕು. ಬೀದಿಯಲ್ಲಿ ನನ್ನ ಹೆಸರೇ ಕಾಮೆಂಟ್ರಿ ನಾಗ. ಆ ಹೆಸರಿನ ಮೇಲೆ ನನಗೆ ಎಷ್ಟು ಮಮತೆ ಇತ್ತೆಂದು ಈಗ ನೆನೆದರೆ — ಬಿಡಿ, ನಾಚಿಕೆಯಾಗುತ್ತದೆ.

ಅಪ್ಪ ತೀರಿಕೊಂಡ ಮೇಲೆ ಕೃಷ್ಣರಾಜ ಮಾರುಕಟ್ಟೆಯ ನಮ್ಮ ಬಾಳೆಹಣ್ಣಿನ ಮಂಡಿಯನ್ನು ಅಣ್ಣ ನೋಡಿಕೊಳ್ಳುತ್ತಿದ್ದ. ಅವನಿಗೆ ಮದುವೆಯಾಗಿ ಆರು ತಿಂಗಳೂ ಆಗಿರಲಿಲ್ಲ. ಅತ್ತಿಗೆ ಸರೋಜ ಮೈಸೂರಿನ ಕಡೆಯವರು, ಪೊಲೀಸ್ ಪೇದೆಯ ಮಗಳು. ಅವರು ಬಂದ ತಿಂಗಳಲ್ಲೇ ಬಾಳೆಗೊನೆ ತುಂಬಿದ್ದ ಲಾರಿಯೊಂದು ದಾರಿಯಲ್ಲಿ ಕೆಟ್ಟು ನಿಂತು, ಮಾರ್ಕೆಟ್ಟು ಸೇರುವಷ್ಟರಲ್ಲಿ ಅರ್ಧ ಮಾಲು ಕೊಳೆತಿತ್ತು. ಅಮ್ಮ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆದರೆ ನೆಂಟರು ಬಂದಾಗ ದನಿ ತಗ್ಗಿಸಿ ಕಾಲ್ಗುಣದ ಮಾತಾಡತೊಡಗಿದ್ದಳು. ಹೊಸದಾಗಿ ಬಂದ ಸೊಸೆಗೆ ಕಾಲ್ಗುಣ ಸರಿಯಿಲ್ಲ ಅನ್ನುವ ಹೆಸರು ಅಂಟಿಕೊಂಡರೆ ಏನಾಗುತ್ತದೆಂದು ನಮ್ಮಂಥ ಮನೆಗಳಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ. ಮೊಸರು ಹೆಪ್ಪಾಗದಿದ್ದರೂ ಅವಳ ಕಡೆಗೇ ನೋಡುತ್ತಾರೆ.

ಅಂಥ ಹೊತ್ತಿನಲ್ಲಿ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಶುರುವಾಯಿತು.

ಯಾರೂ ಲೆಕ್ಕಕ್ಕೇ ಇಟ್ಟುಕೊಂಡಿರದ ಅರ್ಜೆಂಟೀನಾದ ಜೊತೆ ಪಂದ್ಯ. ನಡುಮನೆ ತುಂಬಾ ಜನ. ನಾನು ಭರದಿಂದ ಹೇಳುತ್ತಾ ಹೇಳುತ್ತಾ ಒಂದು ಕಡೆ "ಪೆನಾಲ್ಟಿ ಸ್ಟ್ರೋಕ್!" ಅಂದುಬಿಟ್ಟೆ. ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಅತ್ತಿಗೆ ಮೆಲ್ಲಗೆ ಅಂದರು:

"ಸ್ಟ್ರೋಕ್ ಅಲ್ಲ ನಾಗ, ಕಾರ್ನರ್. ಅವ್ರು ಕಾರ್ನರ್ ಅಂತಲೇ ಅಂದಿದ್ದು."

ಅವರಪ್ಪ ಪೊಲೀಸ್ ಟೀಮಿಗೆ ಆಡುತ್ತಿದ್ದರಂತೆ, ಇವರು ಮೈದಾನದ ಅಂಚಿನಲ್ಲೇ ಬೆಳೆದವರಂತೆ — ಅದೆಲ್ಲ ನನಗೆ ತಿಳಿದದ್ದು ಆಮೇಲೆ. ಅವತ್ತು ತಿಳಿದದ್ದು ಗೋಪಿ ಬಿದ್ದು ಬಿದ್ದು ನಕ್ಕದ್ದು ಮಾತ್ರ. "ಗುರು, ನಾಳೆಯಿಂದ ಅತ್ತಿಗೇನೇ ಕಾಮೆಂಟ್ರಿ ಹೇಳ್ಲಿ ಬಿಡು!" ಅಂದ. ಎಲ್ಲರೂ ನಕ್ಕರು, ಅತ್ತಿಗೆಯೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಅದೇ ಹೊತ್ತಿಗೆ, ಗ್ರಹಚಾರವೋ ಏನೋ, ಅರ್ಜೆಂಟೀನಾ ಗೋಲು ಹೊಡೆಯಿತು.

"ನೋಡಿದ್ರಾ? ಅತ್ತಿಗೆ ಬಂದು ನಿಂತ್ರು, ಗೋಲು ಹೋಯ್ತು" ಅಂದೆ.

ತಮಾಷೆಗೆ ಅಂದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ತಮಾಷೆಗಲ್ಲ. ಅಮ್ಮನ ಮನಸ್ಸಿನಲ್ಲಿ ಏನು ಕೂತಿದೆಯೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಎಲ್ಲಿ ಚುಚ್ಚಿದರೆ ನೋಯುತ್ತದೆಂದು ಗೊತ್ತಿದ್ದೇ ಚುಚ್ಚಿದೆ. ಅಮ್ಮ "ನೀನು ಹಿತ್ತಲ ಕಡೆ ಹೋಗಮ್ಮ, ಬಟ್ಟೆ ನೆನೆಸಿದೆ" ಅಂದಳು. ಅತ್ತಿಗೆಯ ಮುಖದ ನಗು ಹಾಗೇ ಆರಿತು. ಅವರು ಹೋದರು. ಆ ಪಂದ್ಯ ನಾವು ಸೋತೆವು.

ಮ್ಯಾಚು ಕೇಳುವವರಲ್ಲಿ ಒಂದು ಪದ್ಧತಿಯಿದೆ, ನಿಮಗೂ ಗೊತ್ತಿರುತ್ತದೆ. ಗೋಲು ಬಿದ್ದಾಗ ಯಾರು ಎಲ್ಲಿ ಕೂತಿದ್ದರೋ ಅಲ್ಲೇ ಕೂತಿರಬೇಕು, ಕದಲಬಾರದು, ಕಾಲು ಜೋಮು ಹಿಡಿದರೂ ಸರಿಯೇ. ನಮ್ಮ ಮನೆಯಲ್ಲಿ ಅದರ ಜೊತೆಗೆ ಇನ್ನೊಂದು ಸೇರಿತು — ಮ್ಯಾಚು ಶುರುವಾದರೆ ಸರೋಜ ಹಿತ್ತಲಿಗೆ. ಪಶ್ಚಿಮ ಜರ್ಮನಿಯ ಮೇಲೆ ಗೆದ್ದೆವು, ಪದ್ಧತಿ ಗಟ್ಟಿಯಾಯಿತು. ಸೆಮಿಫೈನಲ್‌ನಲ್ಲಿ ಮಲೇಷ್ಯಾ ಎರಡು ಗೋಲು ಹೊಡೆದಾಗಲೂ ಅತ್ತಿಗೆ ಹಿತ್ತಲಲ್ಲೇ ಇದ್ದರು. ಆ ಎರಡು ಗೋಲು ಯಾರ ಕಾಲ್ಗುಣದಿಂದ ಬಿದ್ದವೆಂದು ಒಬ್ಬರೂ ಕೇಳಲಿಲ್ಲ. ಇನ್ನೇನು ಮುಗಿಯಿತು ಅನ್ನುವಾಗ ಸಮ ಮಾಡಿ, ಹೆಚ್ಚಿನ ಅವಧಿಯಲ್ಲಿ ಗೆದ್ದೆವಲ್ಲ, ಆ ಸಂತೋಷದಲ್ಲಿ ಕೇಳುವವರಾದರೂ ಯಾರು.

ಫೈನಲ್ ಶನಿವಾರ. ಅಣ್ಣ ಮಂಡಿ ಬಿಟ್ಟು ಬರುವ ಹಾಗಿರಲಿಲ್ಲ. ಅಲ್ಲೇ ಟ್ರಾನ್ಸಿಸ್ಟರು ಇಟ್ಟುಕೊಂಡಿದ್ದ. ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲರ ಮುಖ ರೇಡಿಯೋ ಕಡೆಗೆ, ಅಂದರೆ ನನ್ನ ಕಡೆಗೆ. ಎಲ್ಲರ ಬೆನ್ನು ಅಡುಗೆಮನೆ ಕಡೆಗೆ. ಆ ಬಾಗಿಲು ಕಾಣುತ್ತಿದ್ದದ್ದು ಗೂಡಿನ ಕೆಳಗೆ ಕೂತಿದ್ದ ನನಗೊಬ್ಬನಿಗೆ.

ಮೊದಲ ಅರ್ಧದಲ್ಲೇ ಪಾಕಿಸ್ತಾನ ಗೋಲು ಹೊಡೆಯಿತು. ಅಮ್ಮ ಎದ್ದು ಹೋಗಿ ಹಿತ್ತಲಿಗೆ ಇಣುಕಿ ನೋಡಿ ಬಂದಳು — ಸೊಸೆ ಒಗೆಯುವ ಕಲ್ಲಿನ ಹತ್ತಿರವೇ ಇದ್ದಳು. ಅಮ್ಮ ಮತ್ತೆ ತನ್ನ ಜಾಗದಲ್ಲಿ ಕೂತಳು. "ಅವಳ ನೆರಳು ಒಳಗೆ ಬಿದ್ದಿರ್ಬೇಕು" ಅಂದಳು.

ಎರಡನೇ ಅರ್ಧ. ಹೇಳಿ ಹೇಳಿ ನನ್ನ ದನಿ ಕೀರಲಾಗಿತ್ತು. ನಮ್ಮವರಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ನಾನು ಉಸಿರು ಎಳೆದುಕೊಳ್ಳಲು ತಲೆ ಎತ್ತಿದೆ, ಬಾಗಿಲ ಮರೆಯಲ್ಲಿ, ರಾಗಿ ಮೂಟೆಗಳ ಪಕ್ಕ, ಅತ್ತಿಗೆ. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು, ಕೈಯಲ್ಲಿ ಸೋಪಿನ ನೊರೆ ಇನ್ನೂ ಇತ್ತು. ನನ್ನನ್ನೇ ನೋಡುತ್ತಿದ್ದರು. ಕೂಗಿ ಹೇಳಿಬಿಡುತ್ತಾನೆ ಅನ್ನುವ ಭಯ ಆ ಕಣ್ಣಲ್ಲಿತ್ತು; ಹೇಳಿದರೆ ಹೇಳಲಿ, ಹೋಗುವುದಿಲ್ಲ ಅನ್ನುವ ಹಟವೂ ಇತ್ತು.

ಕೂಗಲು ನನಗೆ ಹೊತ್ತೇ ಸಿಗಲಿಲ್ಲ. ಗೋಲು!

ಮನೆ ಎದ್ದು ನಿಂತಿತು. ಗೋಪಿ ನನ್ನ ಕುತ್ತಿಗೆಗೆ ಜೋತುಬಿದ್ದ. ಅವನ ಭುಜದ ಮೇಲಿಂದ ನಾನು ನೋಡಿದೆ. ಅತ್ತಿಗೆ ಎರಡೂ ಮುಷ್ಟಿ ಬಿಗಿದು, ಬಾಯಿಗೆ ಒತ್ತಿಕೊಂಡು, ನಿಂತಲ್ಲೇ ಕುಪ್ಪಳಿಸುತ್ತಿದ್ದರು. ದನಿಯಿಲ್ಲದೆ. ಅಷ್ಟು ಸಂತೋಷವನ್ನು ದನಿಯಿಲ್ಲದೆ ಯಾರಾದರೂ ಪಟ್ಟದ್ದನ್ನು ನಾನು ಮತ್ತೆ ಕಂಡಿಲ್ಲ.

ಈಗ ಹೇಳುವುದೇ ಕಷ್ಟದ ಮಾತು. ಜನ ಮತ್ತೆ ಕೂತರು. ಅತ್ತಿಗೆ ಮೆಲ್ಲಗೆ ಹಿಂದಕ್ಕೆ ಸರಿಯತೊಡಗಿದರು. ಆಗ ನಾನು — ಅವರಿಗೆ ಕಾಲ್ಗುಣ ಸರಿಯಿಲ್ಲ ಎಂದು ಊರಿಗೆಲ್ಲ ಸಾರಿದ ನಾನೇ — ತೊಡೆಯ ಪಕ್ಕ ಅಂಗೈ ಒತ್ತಿ ಸನ್ನೆ ಮಾಡಿದೆ. ಅಲ್ಲೇ ಇರಿ, ಕದಲಬೇಡಿ. ಅವರು ಅಲ್ಲಿದ್ದಾಗ ಗೋಲು ಬಿದ್ದಿತ್ತಲ್ಲ! ಕೂತ ಜಾಗ, ನಿಂತ ಜಾಗ ಬಿಡಬಾರದಲ್ಲ! ಅವರಿಗೆ ಅರ್ಥವಾಯಿತು. ಮೂಟೆಗೆ ಕೈಯೂರಿ ನಿಂತರು. ಅವರ ಕಾಲ್ಗುಣವನ್ನು ನಾನು ಗುಟ್ಟಾಗಿ ಬಳಸಿಕೊಂಡೆ, ಮನೆಯವರ ಬೆನ್ನ ಹಿಂದೆ.

ಆಮೇಲೆ ಎರಡನೇ ಗೋಲು. ಚೆಂಡು ಕಂಬದ ಒಳಬದಿಗೆ ತಗುಲಿ ಹೊರಕ್ಕೆ ಚಿಮ್ಮಿತಂತೆ. ಗೋಲಲ್ಲವೆಂದು ಪಾಕಿಸ್ತಾನದವರು ಅಂಪೈರನ್ನು ಮುತ್ತಿದರಂತೆ. ರೇಡಿಯೋದಲ್ಲಿ ಬರೀ ಗದ್ದಲ. ನನ್ನ ಬಾಯಿ ಕಟ್ಟಿಹೋಗಿತ್ತು. "ಏನಾಯ್ತೋ, ಹೇಳೋ ಮಗಾ!" ಎಂದು ಗೋಪಿ ಅಲುಗಾಡಿಸುತ್ತಿದ್ದ. ನಾನು ರೇಡಿಯೋ ನೋಡಲಿಲ್ಲ, ಅತ್ತಿಗೆಯನ್ನು ನೋಡಿದೆ. ಅವರು ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದರು. ಹಠಾತ್ತನೆ ಕಣ್ಣು ತೆರೆದು ಬಲಗೈ ಮೇಲೆತ್ತಿದರು. ಗೋಲೇ! ಅಂಪೈರು ಗೋಲೇ ಅಂದಿದ್ದ! ಅತ್ತಿಗೆಯ ಕೈ ನೋಡಿಕೊಂಡು ನಾನು ಕನ್ನಡದಲ್ಲಿ "ಗೋಲು!" ಎಂದು ಕಿರುಚಿದೆ. ಕಾಮೆಂಟ್ರಿ ನಾಗನ ಜೀವಮಾನದ ಅತ್ಯುತ್ತಮ ಕಾಮೆಂಟ್ರಿ ಅದು, ಅದನ್ನು ಹೇಳಿದವರು ಅತ್ತಿಗೆ.

ಗೆದ್ದೆವು. ವಿಶ್ವಕಪ್ ನಮ್ಮದು! ಆ ಸಂಜೆಯ ಚಾಮರಾಜಪೇಟೆಯನ್ನು ಕಂಡವರೇ ಪುಣ್ಯವಂತರು. ದೀಪಾವಳಿಯಿಂದ ಉಳಿಸಿಟ್ಟಿದ್ದ ಪಟಾಕಿ ಯಾರ್ಯಾರ ಅಟ್ಟದಿಂದಲೋ ಇಳಿದು ಬಂತು. ಪರಿಚಯವೇ ಇಲ್ಲದವರು ಅಪ್ಪಿಕೊಂಡರು. ಅಣ್ಣ ಮಂಡಿಯಿಂದ ಕೈಗಾಡಿಯ ತುಂಬ ರಸಬಾಳೆ ಗೊನೆ ಹೇರಿಸಿಕೊಂಡು ಬಂದ. "ತಗೊಳ್ರೋ, ತಿನ್ರೋ!" ಎಂದು ಚಿಪ್ಪು ಚಿಪ್ಪೇ ಕಿತ್ತು ಕೊಟ್ಟ. ಹೋಗುವ ಬಸ್ಸನ್ನು ನಿಲ್ಲಿಸಿ ಕಂಡಕ್ಟರನ ಕೈಗೂ ಹಣ್ಣು ಇಟ್ಟ. ಅಮ್ಮ ಹೊಸ್ತಿಲಲ್ಲಿ ನಿಂತು ಕಣ್ಣೀರು ಒರೆಸಿಕೊಳ್ಳುತ್ತಿದ್ದಳು. ಅಪ್ಪ ಹೋದ ಮೇಲೆ ನಮ್ಮ ಮನೆ ಮುಂದೆ ಅಷ್ಟು ನಗು ಕೇಳಿದ್ದೇ ಅಂದು.

"ಅವಳನ್ನ ಹಿತ್ತಲಲ್ಲಿ ಇಟ್ಟಿದ್ದಕ್ಕೆ ಗೆದ್ವಿ ನೋಡು" ಅಂದಳು ಅಮ್ಮ, ಒಳ್ಳೆಯ ಮನಸ್ಸಿನಿಂದಲೇ.

"ಪೂರ್ತಿ ಹಿತ್ತಲಲ್ಲೇ ಇದ್ರಾ ಮಗಾ?" ಗೋಪಿ ಕೇಳಿದ.

"ಹೂಂ, ಅಲ್ಲೇ ಇದ್ರು" ಅಂದೆ.

ಹಣ್ಣಿನ ಬುಟ್ಟಿ ಹಿಡಿದು ಬಾಗಿಲಿಗೆ ಬಂದಿದ್ದ ಅತ್ತಿಗೆಗೆ ಅದು ಕೇಳಿಸಿತು. ಬುಟ್ಟಿ ಕೆಳಗಿಟ್ಟರು. ನನ್ನನ್ನು ನೋಡಿದರು. ಒಳಗೆ ಹೋದರು.

ಅಷ್ಟಕ್ಕೇ ಮುಗಿದಿದ್ದರೆ — ಇಲ್ಲ, ಮುಗಿಯಲಿಲ್ಲ. ಮಾರನೆಯ ಬೆಳಗ್ಗೆ ನಾನು ಹಂಡೆಯಿಂದ ಬಿಸಿನೀರು ತೋಡಿಕೊಳ್ಳುತ್ತಿದ್ದೆ. ಅಣ್ಣ ಬಂದ. ಹಿಂದೆ ಅತ್ತಿಗೆ.

"ನಾಗ, ಗೋಲು ಬಿದ್ದಾಗ ಎರಡು ಸಲಾನೂ ಇವಳು ಒಳಗಿದ್ಲಂತೆ. ನೀನು ನೋಡ್ದೆ ಅಂತಾಳೆ. ಒಳಗಿದ್ಲಾ?"

ಅತ್ತಿಗೆ ನನ್ನ ಮುಖವನ್ನೇ ನೋಡುತ್ತಿದ್ದರು. ನಿನ್ನೆ ಜನರ ಮುಂದೆ ಜಂಬಕ್ಕೆ ಅಂದ, ಇವತ್ತು ಅಣ್ಣನ ಮುಂದೆ ನಿಜ ಹೇಳುತ್ತಾನೆ ಅನ್ನುವ ನಂಬಿಕೆ ಅವರಿಗಿತ್ತು. ಅದನ್ನು ನಾನು ಕಂಡೆ. ಕಂಡೂ ಹೇಳಿದೆ:

"ಇಲ್ಲಣ್ಣ. ಹಿತ್ತಲಲ್ಲೇ ಇದ್ರು."

ಅಣ್ಣ ಅವರ ಕಡೆ ತಿರುಗಿದ. ಬೈಯಲಿಲ್ಲ. "ಕಾಲ್ಗುಣ ಅಂತೆಲ್ಲ ನಾನು ನಂಬೋನಲ್ಲ ಸರೋಜ. ಆದ್ರೆ ಸುಳ್ಳು ಯಾಕೆ ಹೇಳ್ಬೇಕಿತ್ತು?" ಅಂದ.

ಅಮ್ಮ ಹಾಕಿದ ಹೆಸರನ್ನು ಗಂಡ ಒಪ್ಪಿರಲಿಲ್ಲ. ಅದೊಂದು ಆಸರೆ ಅವರಿಗಿತ್ತು. ನಾನು ಅವರಿಗೆ ಇನ್ನೊಂದು ಹೆಸರು ಕಟ್ಟಿದೆ, ಅದನ್ನು ಗಂಡನೇ ಒಪ್ಪುವ ಹಾಗೆ ಮಾಡಿದೆ. ಯಾಕೆ? ಗೋಪಿ ನಗುತ್ತಾನೆಂದು. ಅತ್ತಿಗೆಯನ್ನು ನಾನೇ ಅಲ್ಲಿ ನಿಲ್ಲಿಸಿದ್ದು ಹೊರಬೀಳುತ್ತದೆಂದು. ಇಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ.

ಹಿತ್ತಲಿಗೆ ಕಳಿಸುವ ಪದ್ಧತಿಯನ್ನು ಮುಗಿಸಿದವರು ಅತ್ತಿಗೆಯೇ. ಎಂಬತ್ತೆರಡರ ದೆಹಲಿ ಏಷ್ಯಾಡ್. ಮನೆಗೆ ಹೊಸ ಟಿ.ವಿ. ಬಂದಿತ್ತು. ಫೈನಲ್‌ನಲ್ಲಿ ಮತ್ತೆ ಪಾಕಿಸ್ತಾನ. ಅಮ್ಮ ಎಂದಿನಂತೆ ಸೊಸೆಯನ್ನು ಹಿತ್ತಲಿಗೆ ಕಳಿಸಿ, ಕೈಮುಗಿದು ಕೂತಳು. ಮೊದಲ ಗೋಲು ನಮ್ಮದೇ. ಆಮೇಲೆ ಗೋಲಿನ ಮೇಲೆ ಗೋಲು ಬಿತ್ತು, ಎಲ್ಲ ನಮ್ಮ ಮೇಲೆ. ಏಳು. ಆಗ ಅತ್ತಿಗೆ ಕಾಫಿ ಲೋಟಗಳ ತಟ್ಟೆ ಹಿಡಿದು ಬಂದು, ನಡುಮನೆಯ ನಟ್ಟನಡುವೆ ನಿಂತರು.

"ಅತ್ತೆ, ಏಳಕ್ಕೆ ಏಳೂ ನಾನು ಹಿತ್ತಲಲ್ಲಿದ್ದಾಗ್ಲೇ ಬಿದ್ದಿದ್ದು. ಇನ್ಮೇಲೆ ನಾನು ಎಲ್ಲಿರ್ಬೇಕು ಅಂತ ಹೇಳ್ಬಿಡಿ, ಅಲ್ಲೇ ಇರ್ತೀನಿ."

ಅಮ್ಮನಿಗೇ ಮೊದಲು ನಗು ಬಂತು. ನಕ್ಕೂ ನಕ್ಕೂ ಸೆರಗಿನಿಂದ ಮುಖ ಮುಚ್ಚಿಕೊಂಡಳು. "ಕೂತ್ಕೊಳ್ಳೇ ಮಹರಾಯ್ತಿ, ಇಲ್ಲೇ ಕೂತ್ಕೋ" ಅಂದಳು. ದೇಶ ಸೋತ ದಿನ ನಮ್ಮ ಮನೆಯಲ್ಲಿ ಒಬ್ಬರು ಗೆದ್ದಿದ್ದರು. ಅಂದಿನಿಂದ ಕಾಲ್ಗುಣದ ಮಾತು ಅಮ್ಮನ ಬಾಯಲ್ಲಿ ಬರಲಿಲ್ಲ.

ಸದ್ಯ, ಎಲ್ಲ ಸರಿಹೋಯಿತು ಎಂದುಕೊಂಡೆ. ಹೇಳುವ ಅಗತ್ಯವೇ ಇಲ್ಲವೆಂದು ಹಾಯಾಗಿದ್ದೆ. ಮದುವೆಯಾಗಿ ಶಂಕರಪುರದಲ್ಲಿ ಮನೆ ಮಾಡಿದೆ. ಭಾನುವಾರ ಅಮ್ಮನನ್ನು ನೋಡಲು ಬರುತ್ತಿದ್ದೆ. ಹೋದ ತಿಂಗಳು ಹಾಗೆ ಬಂದಾಗ ಅಣ್ಣ ಮಂಡಿಯ ಬೀಗದ ಕೈ ಹುಡುಕುತ್ತಿದ್ದ. "ಮೊಳೆಗೇ ನೇತುಹಾಕಿದ್ದೆ ಕಣ್ರೀ" ಅಂದರು ಅತ್ತಿಗೆ. ಅಣ್ಣ ಸಿಡುಕಿದ:

"ನಿನ್ನ ಮಾತು ನಂಬೋದು ಹ್ಯಾಗೆ? ವರ್ಲ್ಡ್ ಕಪ್ಪಿನ ದಿನಾನೇ ನೋಡಿದೀನಲ್ಲ."

ಬೀಗದ ಕೈ ಅವನ ಅಂಗಿ ಜೇಬಿನಲ್ಲೇ ಇತ್ತು. ಅದನ್ನು ನೋಡಿ ಅವನು ಪೆಚ್ಚಾಗಿ ನಕ್ಕ. ಅತ್ತಿಗೆ ನಗಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಹನ್ನೆರಡು ವರ್ಷ! ಇಂಥ ಎಷ್ಟು ಬೀಗದ ಕೈ, ಎಷ್ಟು ಸಣ್ಣ ಮಾತು, ನಾನಿಲ್ಲದ ಹೊತ್ತಿನಲ್ಲಿ —

ಹಿತ್ತಲಿಗೆ ಹೋದೆ. ಅತ್ತಿಗೆ ಕಲ್ಲಿನ ಮೇಲೆ ಬಟ್ಟೆ ಕುಕ್ಕುತ್ತಿದ್ದರು.

"ಅತ್ತಿಗೆ, ಅವತ್ತು ನೀವು ಒಳಗಿದ್ರಿ. ನಾನು ಸುಳ್ಳು—"

"ನಂಗ್ಯಾಕೋ ಹೇಳ್ತೀಯಾ?" ಬಟ್ಟೆಯಿಂದ ತಲೆ ಎತ್ತದೆ ಅಂದರು. "ನಾನು ಅಲ್ಲೇ ಇದ್ನಲ್ಲ."

ಹಿಂಡಿದ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ, ಇನ್ನೊಂದನ್ನು ತೆಗೆದುಕೊಂಡರು. "ನೀನು ಹೇಳ್ಬೇಕಾದೋರು ಒಳಗೆ ಕೂತವ್ರೆ" ಅಂದರು.

ಒಳಗೆ ಬಂದೆ. ಅಣ್ಣ, ಅಮ್ಮ ಇಬ್ಬರೂ ಇದ್ದರು. ಹಳೆಯ ರೇಡಿಯೋ ಗೂಡಿನ ಕೆಳಗೆ, ನನ್ನ ಜಾಗದಲ್ಲೇ ಕೂತು, ಎಲ್ಲ ಹೇಳಿದೆ. ಸ್ಟ್ರೋಕು ಕಾರ್ನರಿನಿಂದ ಹಿಡಿದು, ಅಂಗೈ ಒತ್ತಿ ಸನ್ನೆ ಮಾಡಿದ್ದು, ಅವರ ಕೈ ನೋಡಿ ಗೋಲೆಂದು ಕಿರುಚಿದ್ದು, ಹಂಡೆಯ ಮುಂದಿನ 'ಇಲ್ಲಣ್ಣ' — ಯಾವುದನ್ನೂ ಬಿಡಲಿಲ್ಲ. ಅಮ್ಮ ತಲೆ ತಗ್ಗಿಸಿದಳು. ಅಣ್ಣ ಅದೇ ಹಳೆಯ ಪ್ರಶ್ನೆ ಕೇಳಿದ:

"ಒಳಗಿದ್ಲಾ?"

"ಒಳಗಿದ್ರು ಅಣ್ಣ."

ಅವನು ನನಗೆ ಹೊಡೆದಿದ್ದರೆ ಚೆನ್ನಾಗಿತ್ತು. ಹೊಡೆಯಲಿಲ್ಲ. ಬೀಗದ ಕೈಯನ್ನು ಮೊಳೆಗೆ ನೇತುಹಾಕಿ ಹಿತ್ತಲಿಗೆ ಹೋದ. ಬಟ್ಟೆ ಕುಕ್ಕುವ ಸದ್ದು ನಿಂತಿತು. ಅವನು ಏನು ಹೇಳಿದನೋ ನನಗೆ ಕೇಳಿಸಲಿಲ್ಲ, ಕೇಳಿಸಿಕೊಳ್ಳುವ ಹಕ್ಕೂ ನನಗಿರಲಿಲ್ಲ. ಆಮೇಲೆ ಅತ್ತಿಗೆಯ ದನಿ, ಮೊದಲು ಮೆಲ್ಲಗೆ, ಬರಬರುತ್ತಾ ಜೋರಾಗಿ:

"...ನಾನು ರಾಗಿ ಮೂಟೆ ಹಿಡ್ಕೊಂಡು ನಿಂತಿದೀನಿ ಕಣ್ರೀ, ಕೈಯೆಲ್ಲ ಸೋಪು. ಚೆಂಡು ಕಂಬಕ್ಕೆ ಬಡಿದು ಆಚೆ ಬಂದ್ಬಿಡ್ತು. ಅವ್ರು ಗೋಲಲ್ಲ ಅಂತ ಒಂದೇ ಗಲಾಟೆ! ನಂಗೆ ಎದೆ ಡವಡವ—"

"ಆಮೇಲೆ?" ಅಣ್ಣನ ದನಿ.

ಅವರಿಂದ ನಾನು ಏನನ್ನು ಕಸಿದುಕೊಂಡಿದ್ದೆ ಎಂದು ನನಗೆ ಪೂರ್ತಿ ತಿಳಿದದ್ದು ಆಗ. ಊರಿಗೆ ಊರೇ ಹನ್ನೆರಡು ವರ್ಷ ಆ ಗೋಲಿನ ಕಥೆ ಹೇಳಿಕೊಂಡು ಸಂಭ್ರಮಿಸಿತು. ಅದನ್ನು ಎಲ್ಲರಿಗಿಂತ ಮೊದಲು ತಿಳಿದವರು ಮಾತ್ರ ಒಮ್ಮೆಯೂ ಬಾಯಿಬಿಡುವ ಹಾಗಿರಲಿಲ್ಲ. ಅವರು ಹಿತ್ತಲಲ್ಲಿದ್ದರಲ್ಲ.

"ಸರೋಜಾ," ಅಮ್ಮ ಕೂಗಿದಳು, "ನಂಗೂ ಕೇಳ್ಸೋ ಹಾಗೆ ಹೇಳೇ!"

ಅತ್ತಿಗೆ ಹೇಳುತ್ತಲೇ ಒಳಗೆ ಬಂದರು, ಒದ್ದೆ ಕೈಯನ್ನು ಗಾಳಿಯಲ್ಲಿ ಬೀಸುತ್ತಾ, ನಡುಮನೆಯ ಮಧ್ಯದಲ್ಲಿ ನಿಂತು. ಉತ್ಸಾಹದಲ್ಲಿ ಎರಡನೇ ಗೋಲನ್ನೂ ಪೆನಾಲ್ಟಿ ಕಾರ್ನರಿನದ್ದೇ ಮಾಡಿಬಿಟ್ಟರು. ಅದು ಹಾಗಲ್ಲ. ತಿದ್ದುವ ಮಾತು ನನ್ನ ತುಟಿಗೆ ಬಂದಿತ್ತು.

ತಿದ್ದಲಿಲ್ಲ. ಕಾಲು ಜೋಮು ಹಿಡಿಯುತ್ತಿತ್ತು, ಕೂತ ಜಾಗದಿಂದ ಕದಲದೆ ಅವರ ಕಾಮೆಂಟ್ರಿ ಕೇಳಿದೆ.